ಮೂಲವನ್ನರಸಿ ಹೊರಟವರು

ಋಷಿಮೂಲವನ್ನೂ ನದೀಮೂಲವನ್ನೂ ಹುಡುಕಲಾಗದೆಂದು ನಮ್ಮ ಹಿರಿಯರು ಹೇಳುತ್ತ ಬಂದುದಕ್ಕೆ ಕಾರಣವೇನೇ ಇರಲಿ, ಆ ನಿಷೇಧವನ್ನು ಯಾರೂ ಮನಸ್ಸಿಟ್ಟು ಪಾಲಿಸಿದಂತೆ ತೋರುವುದಿಲ್ಲ. ಮಾಂಜ್ರಾ ನದಿಯು ಬೀಡ ಜಿಲ್ಲೆಯ ಬಾಲಾಘಾಟದ ಗುಡ್ಡಗಳಲ್ಲಿ ಹುಟ್ಟುತ್ತದೆಂಬುದು ಈಗ ಶಾಲೆಯ ಮಕ್ಕಳಿಗೂ ತಿಳಿದ ಸಂಗತಿ. ಋಷಿಗಳ ಮೂಲವನ್ನು ಬೆದಕುವ ಪಂಡಿತರಿಗಂತೂ ಯಾವ ಕಾಲದಲ್ಲಿಯೂ ಕೊರತೆಯಾದುದಿಲ್ಲ. ಇನ್ನು ತಮ್ಮ ತಮ್ಮ ಮನೆತನದ ಮೂಲವನ್ನರಸುವ ಹಂಬಲವು, ಕಡಲಾಚೆಗೆ ಹೋಗಿ ನೆಲೆಸಿದ ಕುಟುಂಬಗಳಲ್ಲಿ ಈಚೆಗೆ ಒಂದು ವ್ರತದಂತೆ ಹಬ್ಬಿದೆ. ಅಜ್ಜನು ಬಿಟ್ಟುಹೋದ ಊರನ್ನು ಹುಡುಕಿಕೊಂಡು ಬೀದರಿಗೆ ಬರುವವರೂ ಉಂಟು. ಬೀದರಿನಲ್ಲಿಯೇ ಹುಟ್ಟಿ ಬೆಳೆದು, ತಮ್ಮ ಪೂರ್ವಿಕರು ಇರಾನಿನಿಂದಲೋ ಅರಬಸ್ತಾನದಿಂದಲೋ ಬಂದವರೆಂಬ ಮನೆಮಾತನ್ನು ಬೆನ್ನಟ್ಟಿ ಅತ್ತ ಹೊರಡಬಯಸುವವರೂ ಉಂಟು. ಈ ಎರಡು ಬಗೆಯ ಯಾತ್ರಿಕರಿಗೂ ಪೂರ್ವದಲ್ಲಿಯೇ ಈ ಹಾದಿಯಲ್ಲಿ ನಡೆದವರಿದ್ದರು. ಅವರು ಕಂಡುದೇನು, ಕಾಣದೆ ಬಿಟ್ಟುದೇನು ಎಂಬುದನ್ನು ವಿಚಾರಿಸುವುದಕ್ಕೆ ಬೀದರಿನಷ್ಟು ತಕ್ಕ ಸ್ಥಳವು ಕನ್ನಡನಾಡಿನಲ್ಲಿ ಮತ್ತೊಂದಿಲ್ಲ.

ಭಾಲ್ಕಿ ತಾಲೂಕಿನ ಮೆಹಕರದ ಕಡೆ ಈ ಹುಡುಕಾಟಕ್ಕೆ ಹಡಗೂ ಬೇಡ, ವಿಮಾನವೂ ಬೇಡ. ಕನ್ನಡ ಮರಾಠಿಗಳೆರಡೂ ಒಂದೇ ಕಟ್ಟೆಯ ಮೇಲೆ ಕುಳಿತು ಹರಟುವ, ಕಾಗದಪತ್ರಗಳ ಮಟ್ಟಿಗೆ ಬಹುಕಾಲ ಉರ್ದುವಿಗೆ ತಲೆಬಾಗಿದ್ದ ಆ ಗಡಿಸೀಮೆಯಲ್ಲಿ, ಪರಊರಿನಿಂದ ಬಂದವನನ್ನು ಜಗಲಿಗೆ ಕರೆದು ನೀರು ಕೊಟ್ಟ ಮೇಲೆ ಹಿರಿಯರು ಮೊದಲು ಕೇಳುವುದು ಅಡ್ಡಹೆಸರನ್ನು. ಹಲಬರ್ಗೆ ಎಂದರೆ ಹಲಬರ್ಗಾದಿಂದ ಬಂದವರು, ಭಾತಂಬ್ರೆ ಎಂದರೆ ಭಾತಂಬ್ರಾದವರು, ಉದಗೀರೆ ಎಂದರೆ ಉದಗೀರದವರು. ಊರನ್ನು ಬಿಟ್ಟ ಮೇಲೆಯೇ ಊರಿನ ಹೆಸರು ಮನೆತನಕ್ಕೆ ಅಂಟಿಕೊಳ್ಳುವುದರಿಂದ, ಇಂಥ ಅಡ್ಡಹೆಸರೆಂಬುದು ಬಹುಮಟ್ಟಿಗೆ ಒಂದು ವಲಸೆಯ ದಾಖಲೆಯೇ ಆಗಿರುತ್ತದೆ. ಮೆಹಕರೆ ಎಂಬವರನ್ನು ಮೆಹಕರದಲ್ಲಿ ಹುಡುಕುವುದಕ್ಕಿಂತ ಬೇರೆ ಊರುಗಳಲ್ಲಿ ಹುಡುಕುವುದು ಮೇಲು. ಅಡ್ಡಹೆಸರಿನಿಂದ ಬಗೆಹರಿಯದಿದ್ದರೆ ಎರಡನೆಯ ಪ್ರಶ್ನೆಯು ಸಿದ್ಧವಾಗಿರುತ್ತದೆ: “ನಿಮ್ಮ ಮನಿದೇವ್ರು ಯಾವುದ್ರೀ?” ತುಳಜಾಪುರದ ಅಂಬಾಭವಾನಿಯೋ, ಭಾಲ್ಕಿ ತಾಲೂಕಿನದೇ ಆದ ಖಾನಾಪುರದ ಮೈಲಾರ ಮಲ್ಲಣ್ಣನೋ, ಇನ್ನೆಲ್ಲಿಯೋ ನದಿಯಾಚೆಯ ಹಳ್ಳಿಯೊಂದರ ವೀರಭದ್ರನೋ ಎಂದು ಉತ್ತರ ಬರುತ್ತಲೆ, ಕೇಳಿದವರು ಮನಸ್ಸಿನಲ್ಲಿಯೇ ಬಂದವನ ಹಾದಿಯನ್ನು ಹಿಂದಕ್ಕೆ ನಡೆದು ನೋಡುತ್ತಾರೆ. ಮನುಷ್ಯರು ಬರಗಾಲಕ್ಕೆ ಊರು ಬಿಡುತ್ತಾರೆ, ದಾಯಾದಿ ಜಗಳಕ್ಕೆ ಹೊಲ ಬಿಡುತ್ತಾರೆ, ಪ್ಲೇಗಿಗೆ ಮನೆ ಬಿಡುತ್ತಾರೆ. ಆದರೆ ಮದುವೆಯಾದ ಹೊಸ ಜೋಡಿಯನ್ನು ಮನೆದೇವರಿಗೆ ಕರೆದೊಯ್ಯುವುದನ್ನು ಮಾತ್ರ ಬಿಡರು. ಆದಕಾರಣ ದೇವರಿರುವ ಊರಿನ ಸುತ್ತಮುತ್ತ ಎಲ್ಲಿಯೋ ಒಂದು ಕಡೆ ಆ ಮನೆತನದ ಹಳೆಯ ಪಾಳುಗೋಡೆ ಇದ್ದೀತೆಂಬುದು ಲೋಕಾನುಭವದಿಂದ ಬಂದ ಲೆಕ್ಕ. ಶಾಸನತಜ್ಞರು ಈ ಲೆಕ್ಕವನ್ನು ಪ್ರಮಾಣವೆಂದು ಒಪ್ಪಲಿಕ್ಕಿಲ್ಲ; ಹೆಣ್ಣು ಕೊಡುವವರು ಒಪ್ಪುತ್ತಾರೆ.

ಬರಹದ ದಾಖಲೆಯನ್ನು ಬಯಸುವವರಿಗೆ ನಾಸಿಕ ಮತ್ತು ತ್ರ್ಯಂಬಕದ ತೀರ್ಥಪುರೋಹಿತರಿದ್ದಾರೆ. ಕರ್ಮಾಂತರಗಳಿಗಾಗಿ ಗೋದಾವರಿಯ ತೀರಕ್ಕೆ ಹೋದ ಯಜಮಾನನ ಊರು, ಜಾತಿ, ಅಡ್ಡಹೆಸರುಗಳನ್ನು ಕೇಳಿಕೊಂಡು ಪುರೋಹಿತನು ಒಳಗೆ ಹೋಗಿ, ಬಟ್ಟೆಯಲ್ಲಿ ಸುತ್ತಿಟ್ಟ ಉದ್ದನೆಯ ವಹಿಯೊಂದನ್ನು ತಂದು ಬಿಚ್ಚುತ್ತಾನೆ. ಹಾಳೆಗಳನ್ನು ಬೆರಳಿನಿಂದಲ್ಲ, ಅಂಗೈಯಿಂದ ಸವರಿ ತಿರುವಬೇಕು, ಅಂಚುಗಳು ಪುಡಿಯಾಗಿರುತ್ತವೆ. ಈಚಿನ ಪುಟಗಳಲ್ಲಿ ಬಾಳಬೋಧ ಲಿಪಿ, ಅದರ ಹಿಂದೆ ಗೆರೆಯೆಳೆದು ತೂಗುಹಾಕಿದಂತಿರುವ ಮೋಡಿ ಲಿಪಿ. ಇಂಥ ಸಂವತ್ಸರದಲ್ಲಿ ಇಂಥವನು ಇಂಥವರ ಅಸ್ಥಿಯನ್ನು ತಂದಿದ್ದನು, ಜೊತೆಯಲ್ಲಿ ತಮ್ಮನಿದ್ದನು, ಅವರಪ್ಪನ ಹೆಸರು ಇದು, ಅಜ್ಜನ ಹೆಸರು ಇದು ಎಂದು ಓದುತ್ತ ಹೋದಂತೆ, ಅಕ್ಷರ ಬಾರದ ಅಜ್ಜನೊಬ್ಬನು ಸಹಿಯ ಬದಲು ಬರೆದ ನೇಗಿಲಿನ ಗುರುತು ಕಣ್ಣಿಗೆ ಬಿದ್ದರೂ ಬೀಳಬಹುದು. ನಮ್ಮ ಉತ್ತರ ಕರ್ನಾಟಕದ ಬೇರೆ ಭಾಗಗಳಲ್ಲಿ ಇದೇ ಕೆಲಸವನ್ನು ಹೆಳವರು ಮಾಡಿಕೊಂಡು ಬಂದಿದ್ದಾರೆ. ಸುಗ್ಗಿಯ ಕಾಲಕ್ಕೆ ಎತ್ತಿನ ಮೇಲೆ ಬಂದು ಒಕ್ಕಲುಮಕ್ಕಳ ಮನೆಯ ಮುಂದೆ ನಿಂತು ಏಳೆಂಟು ತಲೆಮಾರಿನ ಹೆಸರುಗಳನ್ನು ಒಂದೇ ಉಸಿರಿಗೆ ಹೇಳಿ ಕಾಳು ಪಡೆದು ಹೋಗುವವರು ಅವರು. ಪುರೋಹಿತನ ವಹಿಯಾಗಲಿ ಹೆಳವನ ಬಾಯಾಗಲಿ ಮುಖ್ಯವಾಗಿ ಹಿಡಿದುಕೊಂಡಿರುವುದು ಒಂದೇ ಎಳೆಯನ್ನು, ಅಂದರೆ ಅಪ್ಪನಿಂದ ಅಪ್ಪನಿಗೆ ಏರುವ ಎಳೆಯನ್ನು, ಎಂಬುದನ್ನು ಇಲ್ಲಿ ಗುರುತಿಸಿಡುತ್ತೇನೆ. ಮುಂದೆ ಅದು ಬೇಕಾಗುತ್ತದೆ.

ಈ ಶಾಂತವಾದ ಕ್ರಮವನ್ನು ಇಪ್ಪತ್ತನೆಯ ಶತಮಾನದ ನಡುವಿನ ಎಂಟು ವರ್ಷಗಳು ಕಲಕಿಬಿಟ್ಟವು. 1948ರಲ್ಲಿ ರಜಾಕಾರರ ಹಾವಳಿಯು, ಆಗ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಬೀದರ ಜಿಲ್ಲೆಯ ಹಳ್ಳಿಗಳನ್ನು ನಡುಗಿಸಿ, ಮೇ ತಿಂಗಳಿನಲ್ಲಿ ಗೋರಟಾದ ಹತ್ಯಾಕಾಂಡವೂ ನಡೆದುಹೋದಾಗ, ಅನೇಕ ಹಿಂದೂ ಕುಟುಂಬಗಳು ಗಡಿ ದಾಟಿ ಸೊಲ್ಲಾಪುರದ ಕಡೆಗೆ ಓಡಿದುವು. ಅದೇ ವರ್ಷ ಸೆಪ್ಟೆಂಬರ್ 13ರಂದು ಆರಂಭವಾಗಿ ಐದು ದಿನಗಳೊಳಗೆ ಮುಗಿದ ಪೊಲೀಸ್ ಕಾರ್ಯಾಚರಣೆಯ ತರುವಾಯ ಪ್ರತೀಕಾರದ ಬಿರುಗಾಳಿಯೆದ್ದು, ಈ ಸಲ ಮುಸಲ್ಮಾನ ಕುಟುಂಬಗಳು ಊರು ಬಿಟ್ಟವು. ಪಂಡಿತ ಸುಂದರಲಾಲರ ನೇತೃತ್ವದಲ್ಲಿ ಸಂಚರಿಸಿದ ಸಮಿತಿಯು ಅತ್ಯಂತ ಹಾನಿಗೊಳಗಾದ ನಾಲ್ಕು ಜಿಲ್ಲೆಗಳಲ್ಲಿ ಬೀದರನ್ನೂ ಎಣಿಸಿತು. ಓಡಿದವರಲ್ಲಿ ಹಲವರು ಹೈದರಾಬಾದಿನಲ್ಲಿ ನಿಂತರು. ಕೆಲವರು ಅಲ್ಲಿಯೂ ನಿಲ್ಲದೆ ಕರಾಚಿಗೆ ಹೋದರು. ಆ ನಗರದಲ್ಲಿ ಹೈದರಾಬಾದ್ ಕಾಲೊನಿ ಎಂದೇ ಹೆಸರಾದ ಬಡಾವಣೆಯೊಂದು ಇಂದಿಗೂ ಇದ್ದು, ದಕ್ಖನಿ ಉರ್ದುವಿನ ಮಾತೂ ಬಗಾರಾ ಬದನೆಕಾಯಿಯ ಹುಳಿಯೂ ಅಲ್ಲಿ ಉಳಿದುಕೊಂಡಿವೆ. ಕರಾಚಿಯವರಿಗೆ ಬೀದರು ನಕ್ಷೆಯಲ್ಲಿ ನೋಡಿದರೆ ಬಹಳ ದೂರವೇನಲ್ಲ. ಆದರೆ ಎರಡು ಸರಕಾರಗಳ ರುಜುವಾತುಗಳು, ಭೇಟಿ ಕೊಡುವ ಒಂದೊಂದು ಊರಿಗೂ ಬೇಕಾದ ಪ್ರತ್ಯೇಕ ಅನುಮತಿ, ಪೊಲೀಸು ಠಾಣೆಯ ಹಾಜರಿ, ಇವುಗಳನ್ನೆಲ್ಲ ಲೆಕ್ಕಕ್ಕೆ ಹಿಡಿದರೆ, ಅಜ್ಜಿಯ ಮನೆಯ ಬಾವಿಯನ್ನು ನೋಡಬೇಕೆಂಬ ಮೊಮ್ಮಗನಿಗೆ ಅದಕ್ಕಿಂತ ದೂರದ ಊರು ಜಗತ್ತಿನಲ್ಲಿಲ್ಲ.

ಊರು ಬಿಟ್ಟವರ ಕತೆ ಹೀಗಾದರೆ, ಊರನ್ನು ಬಿಡದವರ ಕಾಗದಗಳೇ ವಲಸೆ ಹೊರಟದ್ದು ಎರಡನೆಯ ಕತೆ. 1949ರಲ್ಲಿ ಜಹಗೀರುಗಳು ರದ್ದಾದುವು. 1956ರ ನವೆಂಬರ್ 1ರಂದು ಹೈದರಾಬಾದ್ ಸಂಸ್ಥಾನವೇ ಮೂರು ಪಾಲಾಗಿ, ಹಳೆಯ ಬೀದರ ಜಿಲ್ಲೆಯ ಉದಗೀರ, ನಿಲಂಗಾ, ಅಹಮದಪುರಗಳು ಮುಂಬಯಿ ರಾಜ್ಯಕ್ಕೂ, ಜಹೀರಾಬಾದ್, ನಾರಾಯಣಖೇಡಗಳು ಆಂಧ್ರಕ್ಕೂ, ಬೀದರ, ಭಾಲ್ಕಿ, ಔರಾದ, ಹುಮನಾಬಾದಗಳು ಮೈಸೂರು ರಾಜ್ಯಕ್ಕೂ ಹಂಚಿಹೋದುವು. ಮೆಹಕರದ ಮನೆತನವೊಂದು ನಿಲಂಗಾದಿಂದ ಸೊಸೆಯನ್ನು ತಂದು ಉದಗೀರಕ್ಕೆ ಮಗಳನ್ನು ಕೊಟ್ಟಿದ್ದರೆ, ಆ ದಿನದಿಂದ ಅತ್ತೆಮಾವಂದಿರೂ ಅಳಿಯನೂ ಪರರಾಜ್ಯದವರಾದರು. ಇಂಥ ಕುಟುಂಬದ ಇತಿಹಾಸವನ್ನು ಬರೆಯಹೊರಟವನು ಬೀದರಿನ ಕಚೇರಿಯಲ್ಲಿ ಒಂದಿಷ್ಟು, ಲಾತೂರಿನ ಕಡೆಯ ಕಚೇರಿಗಳಲ್ಲಿ ಒಂದಿಷ್ಟು, ಹೈದರಾಬಾದಿನ ತಾರ್ನಾಕಾದಲ್ಲಿರುವ ಪುರಾಭಿಲೇಖಾಲಯದಲ್ಲಿ ಒಂದಿಷ್ಟು ಎಂದು ಹುಡುಕಬೇಕು. ಆ ಅಭಿಲೇಖಾಲಯದಲ್ಲಿ ಶಾಹಜಹಾನ್ ಮತ್ತು ಔರಂಗಜೇಬರ ಕಾಲದ ದಕ್ಖನಿನ ಫಾರಸಿ ಕಾಗದಗಳಿಂದ ಹಿಡಿದು ನಿಜಾಮರ ಆಡಳಿತದ ಕಡತಗಳವರೆಗೆ ರಾಶಿರಾಶಿಯಾಗಿವೆ. 1880ರ ದಶಕದಲ್ಲಿ ಸಂಸ್ಥಾನದ ಆಡಳಿತ ಭಾಷೆಯು ಫಾರಸಿಯಿಂದ ಉರ್ದುವಿಗೆ ಬದಲಾದುದರಿಂದ, ಮೂರು ತಲೆಮಾರು ಹಿಂದಕ್ಕೆ ಹೋಗಲು ಉರ್ದುವೂ ಆರು ತಲೆಮಾರಿಗೆ ಫಾರಸಿಯೂ, ಕುಲಕರ್ಣಿಯ ಮನೆಯ ದಪ್ತರಕ್ಕೆ ಕೈಹಾಕಿದರೆ ಮೋಡಿಯೂ ಬೇಕು. ಇವೆಲ್ಲ ಬಲ್ಲ ಕನ್ನಡಿಗರು ಹಿಂದೆ ತಾಲೂಕಿಗೆ ಹತ್ತಾರು ಮಂದಿಯಿದ್ದರು. ಈಗ ಅಂಥವರೊಬ್ಬರು ಸಿಕ್ಕರೆ ಪುಣ್ಯ.

ಇದಿಷ್ಟು ಹತ್ತಿರದ ಮಾತು. ಇದರಾಚೆಗೆ, ಬೀದರಿನ ಪೇಟೆಯಿಂದ ಅಷ್ಟೂರಿಗೆ ಹೋಗುವ ದಾರಿಯಲ್ಲಿ, ಎತ್ತರದ ಜಗತಿಯ ಮೇಲೆ ಎಂಟು ಮೂಲೆಗಳ ಎರಡಂತಸ್ತಿನ ಗೋಡೆಯೊಂದು ಆಕಾಶಕ್ಕೆ ತೆರೆದು ನಿಂತಿದೆ. ಜನರು ಅದನ್ನು ಚೌಖಂಡಿಯೆನ್ನುತ್ತಾರೆ. ಕರಿಯ ಕಲ್ಲಿನ ಬಾಗಿಲುವಾಡದ ಮೇಲೆ ಶಿರಾಜಿನ ಲಿಪಿಕಾರನೊಬ್ಬನ ಕೈಯಿಂದ ಹೊರಟ ಅಕ್ಷರಗಳು ಬಳ್ಳಿಗಳ ನಡುವೆ ಬಳ್ಳಿಗಳಾಗಿ ಹೆಣೆದುಕೊಂಡಿವೆ; ಬಣ್ಣದ ಹೆಂಚುಗಳು ಬಹುತೇಕ ಉದುರಿಹೋಗಿ ಅಲ್ಲಲ್ಲಿ ತುಣುಕುಗಳು ಮಾತ್ರ ಉಳಿದಿವೆ. ಒಳಗೆ ಮಲಗಿರುವವನು ಶಾಹ ಖಲೀಲುಲ್ಲಾ; ಇರಾನಿನ ಕಿರ್ಮಾನ್ ಸೀಮೆಯ ಮಾಹಾನ್ ಎಂಬ ಊರಿನ ಸಂತ ಶಾಹ ನಿಮತುಲ್ಲಾ ವಲಿಯ ಏಕಮಾತ್ರ ಪುತ್ರ. ಈತನ ಸಂತತಿಯವರು ಬೀದರಿಗೆ ಬಂದ ಬಗೆಯೂ, ಅವರ ಪರಂಪರೆಯು ಮೂರು ಶತಮಾನಗಳಾಚೆ ಹಿಂತಿರುಗಿ ಮಾತೃಭೂಮಿಯನ್ನು ಹುಡುಕಿಕೊಂಡು ಹೋದ ಬಗೆಯೂ ನಮ್ಮ ವಿಷಯಕ್ಕೆ ಅತ್ಯಂತ ನಿಕಟವಾದುದರಿಂದ ತುಸು ನಿಧಾನವಾಗಿ ಹೇಳುತ್ತೇನೆ.

ಬಹಮನಿ ಸುಲ್ತಾನ ಅಹಮದ್ ಶಾಹನು 1422ರಲ್ಲಿ ಪಟ್ಟಕ್ಕೆ ಬಂದನು. ಅದೇ ವರ್ಷ ಗುಲ್ಬರ್ಗದ ಖ್ವಾಜಾ ಬಂದೇನವಾಜರು ಕಾಲವಶರಾದರು. ಕೆಲವು ವರ್ಷಗಳಲ್ಲಿ ರಾಜಧಾನಿಯನ್ನು ಬೀದರಿಗೆ ಬದಲಿಸಿದ ಅರಸನು ಹೊಸ ನಗರಕ್ಕೆ ಹೊಸ ಗುರುವನ್ನು ಬಯಸಿ, ಕಾಣಿಕೆಗಳೊಡನೆ ಮಾಹಾನಿಗೆ ದೂತರನ್ನು ಕಳುಹಿಸಿದನು. ವೃದ್ಧರಾದ ಸಂತರು ತಾವು ಬರಲಿಲ್ಲ. ಹನ್ನೆರಡು ಮಡಿಕೆಗಳ ಹಸುರು ಶಿರೋವೇಷ್ಟನವೊಂದನ್ನು ಶಿಷ್ಯನ ಕೈಯಲ್ಲಿ ಕಳುಹಿಸಿದರು. ಪಟ್ಟಕ್ಕೆ ಬರುವ ಮೊದಲೇ ಅಂಥದೊಂದು ಹಸುರು ಕಿರೀಟವನ್ನು ಕನಸಿನಲ್ಲಿ ಒಬ್ಬ ಸಾಧುವು ತನಗೆ ತೊಡಿಸಿದ್ದನ್ನು ಅರಸನು ಆಗ ಗುರುತಿಸಿದನೆಂದು ಇತಿಹಾಸಕಾರ ಫಿರಿಷ್ತನು ಬರೆಯುತ್ತಾನೆ. ಅರಸರ ಕನಸುಗಳು ತಕ್ಕ ಸಮಯಕ್ಕೆ ನೆನಪಾಗುವುದು ಎಲ್ಲ ದೇಶಗಳ ಇತಿಹಾಸದಲ್ಲಿಯೂ ಕಾಣಬರುವ ಸಂಗತಿ. ಎರಡನೆಯ ಸಲ ಮಗನನ್ನಾದರೂ ಕಳುಹಿಸಿರೆಂದು ಬೇಡಿಕೊಂಡಾಗ, ಒಬ್ಬನೇ ಮಗನನ್ನು ಅಗಲಲಾರದೆ ಮೊಮ್ಮಗನಾದ ನೂರುಲ್ಲಾನನ್ನು ಸಂತರು ಕಳುಹಿಸಿಕೊಟ್ಟರು. ಅರಸನು ಊರ ಹೊರಗೆ ಬಂದು ಎದುರುಗೊಂಡ ಸ್ಥಳದಲ್ಲಿ ನಿಮತಾಬಾದ್ ಎಂಬ ಗ್ರಾಮವು ಹುಟ್ಟಿತು. ದರಬಾರಿನಲ್ಲಿ ನೂರುಲ್ಲಾನಿಗೆ ಬಂದೇನವಾಜರ ಮನೆತನದವರಿಗಿಂತ ಮೇಲಿನ ಪೀಠ ದೊರೆಯಿತು. ಅರಸನ ಮಗಳೊಡನೆ ವಿವಾಹವೂ ಆಯಿತು. 1431ರಲ್ಲಿ ಸಂತರು ತೀರಿಕೊಂಡ ಮೇಲೆ ಖಲೀಲುಲ್ಲಾನೂ ತನ್ನ ಇನ್ನಿಬ್ಬರು ಮಕ್ಕಳಾದ ಹಬೀಬುಲ್ಲಾ, ಮುಹಿಬ್ಬುಲ್ಲಾರನ್ನು ಕರೆದುಕೊಂಡು ಹುರ್ಮುಜಿನ ಹಡಗುಗಳು ಹಿಡಿಯುತ್ತಿದ್ದ ಹಾದಿಯಾದ ಅರಬ್ಬೀ ಸಮುದ್ರವನ್ನು ದಾಟಿ ಬೀದರಿಗೆ ಬಂದನು. ಆ ಇಬ್ಬರಿಗೂ ರಾಜಮನೆತನದಲ್ಲಿಯೇ ಹೆಣ್ಣು ಸಿಕ್ಕಿತು: ಹಬೀಬುಲ್ಲಾನು ಅಹಮದ್ ಶಾಹನ ಅಳಿಯನಾದನು, ಮುಹಿಬ್ಬುಲ್ಲಾನು ಯುವರಾಜ ಅಲಾವುದ್ದೀನನ ಅಳಿಯನಾದನು.

ಅತ್ತ ಮಾಹಾನಿನಲ್ಲಿ ಸಂತರ ಸಮಾಧಿಯ ಮೇಲೆ ಗುಮ್ಮಟವೆದ್ದದ್ದು ಇದೇ ಅಹಮದ್ ಶಾಹನ ಹಣದಿಂದ. 1436ರ ಸುಮಾರಿಗೆ ಅದು ಮುಗಿಯಿತು. ಅದೇ ವರ್ಷ ದಾನಿಯೂ ತೀರಿಕೊಂಡನು. ಇತ್ತ ಅಷ್ಟೂರಿನಲ್ಲಿರುವ ಅವನ ಗೋರಿಯ ಒಳಗೋಡೆಗಳು ಹಗಲಿನಲ್ಲಿಯೂ ಕತ್ತಲು. ಬಾಗಿಲಲ್ಲಿ ಕನ್ನಡಿ ಹಿಡಿದು ಬಿಸಿಲನ್ನು ಒಳಕ್ಕೆ ಹಾಯಿಸಿದರೆ, ಕಜವೀನ ನಗರದ ಶುಕ್ರುಲ್ಲಾ ಎಂಬ ಚಿತ್ರಕಾರನು ಬರೆದ ಸಿಂಧೂರ, ನೀಲಿ, ಬಂಗಾರದ ಬಣ್ಣಗಳು ಒಂದು ಮೊಳ ಅಗಲದಷ್ಟೇ ಬೆಳಗಿ, ಬೆಳಕು ಸರಿದಂತೆ ಮತ್ತೆ ಮುಳುಗುತ್ತವೆ. ಹಾಗೆ ಬೆಳಕನ್ನು ಸರಿಸುತ್ತ ಸರಿಸುತ್ತ ಓದಬೇಕಾದುದು ಅಲ್ಲಿ ಬರೆದಿರುವ ಶಜರಾ, ಅಂದರೆ ಪ್ರವಾದಿಯಿಂದ ಹಿಡಿದು ಶಾಹ ನಿಮತುಲ್ಲಾನವರೆಗಿನ ಗುರುಪರಂಪರೆಯ ನಾಮಾವಳಿ. ಬೀದರಿನ ಸ್ಮಾರಕಗಳ ಬಗೆಗೆ ಗುಲಾಂ ಯಜ್ದಾನಿಯವರು ಬರೆದು 1947ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಈ ಬರಹಗಳ ವಿವರಣೆ ವಿಸ್ತಾರವಾಗಿದೆ. ಸತ್ತ ಅರಸನ ತಲೆಯ ಮೇಲೆ ತಂದೆತಾತಂದಿರ ಹೆಸರುಗಳಿಗೆ ಬದಲಾಗಿ ಗುರುಗಳ ಹೆಸರುಗಳನ್ನು ಬರೆಯಿಸಿದುದು, ಮೂಲವನ್ನು ರಕ್ತದಿಂದ ಎಣಿಸದೆ ದೀಕ್ಷೆಯಿಂದ ಎಣಿಸಿದಂತಾಯಿತು. ನಮ್ಮ ಶರಣರಿಗೆ ಈ ಎಣಿಕೆ ಹೊಸದಲ್ಲ. ಅದೇ ಅರಸನನ್ನು ಅಲ್ಲಮಪ್ರಭುವೆಂದು ನಂಬುವ ಹಳ್ಳಿಗರು ಇಂದಿಗೂ ಇದ್ದಾರೆ. ಹೋಳಿಯ ತರುವಾಯ ಚಾಂದ್ರಮಾನದ ಎಣಿಕೆಯಂತೆ ನಡೆಯುವ ಅಷ್ಟೂರಿನ ಉರುಸಿಗೆ ಮಾಡ್ಯಾಳದ ಜಂಗಮರು ಬಂದ ಹೊರತು ಉತ್ಸವವು ಸಾಗದೆಂಬ ಸಂಪ್ರದಾಯವೂ ಉಳಿದಿದೆ.

ಇರಲಿ. ಬೀದರಿನ ಈ ಕಿರ್ಮಾನಿ ಮನೆತನವು ಮೂಲದಿಂದ ಎಷ್ಟು ದೂರ ಬಂತೆಂಬುದಕ್ಕೆ ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ನಡೆದ ಒಂದು ಪ್ರಸಂಗವೇ ಸಾಕ್ಷಿ. ಆ ವೇಳೆಗೆ ಇರಾನಿನಲ್ಲಿ ನಿಮತುಲ್ಲಾಹಿ ಪಂಥವು ಬಹುಮಟ್ಟಿಗೆ ಅಳಿದು, ಅದರ ಗುರುಪೀಠವು ದಕ್ಖನಿನಲ್ಲಿ ಮಾತ್ರ ಬಾಳಿಕೊಂಡಿತ್ತು. ಹೈದರಾಬಾದಿನಲ್ಲಿದ್ದ ಪೀಠಾಧಿಪತಿ ರಿಜಾ ಅಲಿ ಶಾಹನು ತನ್ನ ಶಿಷ್ಯ ಮಾಸೂಮ್ ಅಲಿ ಶಾಹನನ್ನು ಮರಳಿ ಇರಾನಿಗೆ ಕಳುಹಿಸಿದನು. ಈತನು ಶಿರಾಜಿಗೆ ಹೋಗಿ ನೆಲೆಸಿ ಉಪದೇಶಿಸುತ್ತಲೆ ಜನರು ಮುತ್ತಿಕೊಂಡರು. ಜನರು ಮುತ್ತಿದುದರಿಂದಲೇ ಆಳುವವರಿಗೆ ಶಂಕೆ ಹುಟ್ಟಿ ಅಲ್ಲಿಯ ದೊರೆ ಕರೀಮ್ ಖಾನನು ಅವನನ್ನು ನಗರದಿಂದ ಹೊರಗೆ ಹಾಕಿಸಿದನು. ಊರಿಂದೂರಿಗೆ ಅಲೆದ ಬಳಿಕ ಶತಮಾನದ ಕೊನೆಯ ದಶಕದಲ್ಲಿ ಕಿರ್ಮಾನ್‌ಶಾಹ ನಗರದ ಮತಪಂಡಿತನೊಬ್ಬನ ಆಜ್ಞೆಯಿಂದ ಕೊಲೆಗೀಡಾದನು. ಆದರೂ ಅವನು ಹಚ್ಚಿದ ದೀಪ ಆರಲಿಲ್ಲ. ಇಂದು ಇರಾನಿನಲ್ಲಿರುವ ಆ ಪಂಥದ ಶಾಖೆಗಳು ತಮ್ಮ ಪರಂಪರೆಯನ್ನು ಅವನ ಮೂಲಕವೇ ಹೇಳಿಕೊಳ್ಳುತ್ತವೆ. ಬೀದರಿನಲ್ಲಿ ಮುನ್ನೂರು ವರ್ಷ ಕಿರ್ಮಾನಿಗಳೆನಿಸಿಕೊಂಡಿದ್ದ ಪರಂಪರೆಯವನು ತನ್ನ ಗುರುಗಳ ನಾಡಿಗೆ ಹೋದಾಗ ಅಲ್ಲಿಯವರು ಅವನನ್ನು ದಕ್ಖನಿಯೆಂದು ಕರೆದರು. ಹಾಗೆಯೇ ಮಾಹಾನಿಗೆ ಹೋಗಿ ನಿಂತವನಿಗಾದರೂ ಮೂಲವು ಸಿಕ್ಕಿತೆ? ಶಾಹ ನಿಮತುಲ್ಲಾ ಹುಟ್ಟಿದ್ದು ಸಿರಿಯಾದ ಹಲಬ ನಗರದಲ್ಲಿ. ಮಕ್ಕಾ, ಸಮರಕಂದ, ಹಿರಾತಗಳನ್ನೆಲ್ಲ ಸುತ್ತಿ ಕೊನೆಗೆ ಕಿರ್ಮಾನಿನ ಸೀಮೆಗೆ ಬಂದು ನಿಂತವನು ಅವನು.

ಬೀದರಿನ ಈ ಕಿರ್ಮಾನಿಗಳ ಕೀರ್ತಿಯೇ ಇನ್ನೊಬ್ಬ ಪರದೇಶಿಯನ್ನು ಇತ್ತ ಸೆಳೆಯಿತು. ಗೀಲಾನಿನ ಗಾವಾನ್ ಎಂಬ ಊರಿನ ಪ್ರತಿಷ್ಠಿತ ಮನೆತನದ ಖ್ವಾಜಾ ಮಹಮೂದನು ತನ್ನ ದೇಶದ ರಾಜಕಾರಣಕ್ಕೆ ಬೇಸತ್ತು ವ್ಯಾಪಾರಿಯಾಗಿ ಹೊರಟು, 1453ರಲ್ಲಿ ದಾಭೋಳದ ಬಂದರಿನಲ್ಲಿ ಇಳಿದು, ಶಾಹ ಮುಹಿಬ್ಬುಲ್ಲಾನ ದರ್ಶನಕ್ಕೆಂದು ಬೀದರಿಗೆ ಬಂದನು. ಅಲ್ಲಿಂದ ದಿಲ್ಲಿಗೆ ಹೋಗುವ ಆಲೋಚನೆಯಿದ್ದ ಅವನನ್ನು ಬೀದರು ಬಿಡಲಿಲ್ಲ. ಮಂತ್ರಿಯಾದನು, 1472ರಲ್ಲಿ ಮದರಸೆಯನ್ನು ಕಟ್ಟಿಸಿದನು, 1481ರ ಏಪ್ರಿಲ್ 5ರಂದು ಕೃತ್ರಿಮ ಪತ್ರವೊಂದರ ನೆವದಿಂದ ಶಿರಚ್ಛೇದಕ್ಕೆ ಗುರಿಯಾದನು. ಅವನ ಪತ್ರಸಂಗ್ರಹವಾದ ರಿಯಾಜ್-ಉಲ್-ಇನ್ಶಾದಲ್ಲಿ ದೂರದ ಅರಸರಿಗೂ ವಿದ್ವಾಂಸರಿಗೂ ಬರೆದ ಓಲೆಗಳ ನಡುವೆ ಗೀಲಾನಿನ ಬಂಧುಗಳಿಗೆ ಬರೆದವೂ ಇವೆ. ಮೂಲದ ಊರನ್ನು ಮರೆಯದೆ, ಮರಳಿಯೂ ಹೋಗದೆ, ಕಾಗದದ ಮೇಲೆಯೇ ನಂಟನ್ನು ನಡೆಯಿಸುವ ಇಂದಿನ ವಲಸಿಗರಿಗೆ ಇವನಷ್ಟು ಹತ್ತಿರದ ಪೂರ್ವಿಕನು ಬೇರೊಬ್ಬನಿಲ್ಲ. ಗೋರನಳ್ಳಿಯ ಸಮೀಪದಲ್ಲಿರುವ ಅವನ ಗೋರಿಯು ಅವನು ಕಟ್ಟಿಸಿದ ಮದರಸೆಯ ಮುಂದೆ ಏನೂ ಅಲ್ಲವೆಂಬಷ್ಟು ಸರಳವಾದುದು.

ಇನ್ನು ಅರಸರ ಮೂಲಾನ್ವೇಷಣೆಯ ಮಾತು. ಬಹಮನಿಗಳು ಪ್ರಾಚೀನ ಇರಾನಿನ ಬಹಮನನ ವಂಶದವರೆಂದು ಹೇಳಿಕೊಂಡರು. ಬಿಜಾಪುರದ ಯೂಸುಫ್ ಆದಿಲ್ ಖಾನನು ತುರ್ಕಿಯ ಸುಲ್ತಾನನ ಮಗನೆಂದೂ ಶೈಶವದಲ್ಲಿ ಪ್ರಾಣಭಯದಿಂದ ಇರಾನಿನ ಸಾವಾ ನಗರದಲ್ಲಿ ಬಚ್ಚಿಡಲ್ಪಟ್ಟವನೆಂದೂ ಅವನ ವಂಶದ ಆಶ್ರಯದಲ್ಲಿದ್ದ ಫಿರಿಷ್ತನು ಬರೆದನು. ಅನ್ನದಾತರ ವಂಶವೃಕ್ಷವನ್ನು ಬರೆಯುವ ಲೇಖನಿಯು ಯಾವ ಕಾಲದಲ್ಲಿಯೂ ಮೇಲ್ಮುಖವಾಗಿಯೇ ಹರಿಯುತ್ತದೆ. ಅದಕ್ಕಿಂತ ನಂಬತಕ್ಕುದೂ ಸ್ವಾರಸ್ಯವಾದುದೂ ಅದೇ ಫಿರಿಷ್ತನು ಹೇಳುವ ಅಹಮದನಗರದ ಕತೆ. ಬಹಮನಿ ಸೈನ್ಯವು ವಿಜಯನಗರದ ಸೀಮೆಯಿಂದ ಸೆರೆಹಿಡಿದು ತಂದ ಬ್ರಾಹ್ಮಣ ಬಾಲಕನೊಬ್ಬನು ಹಸನ್ ಎಂಬ ಹೆಸರು ಪಡೆದು ಬೀದರಿನ ದರಬಾರಿನ ಅಗ್ರಗಣ್ಯನಾದನು. ಮಹಮೂದ ಗಾವಾನನ ಮರಣಕ್ಕೆ ಕಾರಣರಾದವರಲ್ಲಿ ಇವನು ಮುಖ್ಯನು. ಇವನ ಮನೆತನವು ಮೂಲದಲ್ಲಿ ಈಗಿನ ಪರಭಣಿ ಜಿಲ್ಲೆಯ ಪಾಥರಿಯ ಕುಲಕರ್ಣಿಕೆಯದು. ಹಸನನ ಮಗನು ಅಹಮದನಗರದ ರಾಜ್ಯವನ್ನು ಸ್ಥಾಪಿಸಿದ ಮೇಲೆ, ಬ್ರಾಹ್ಮಣ ಬಂಧುಗಳು ಬಂದು ಸೇರಿ, ಪೂರ್ವಿಕರ ಪಾಥರಿಯನ್ನು ಹೇಗಾದರೂ ಪಡೆಯಬೇಕೆಂದು ಪ್ರೇರಿಸಿದರು. ಪಾಥರಿಯು ಆಗ ಬೇರಾರದ ಇಮಾದಶಾಹನ ಸ್ವಾಧೀನದಲ್ಲಿತ್ತು. ಮೊಮ್ಮಗನಾದ ಬುರ್ಹಾನನ ಆಳಿಕೆಯಲ್ಲಿ, ಅದಕ್ಕಿಂತ ಹೆಚ್ಚಿನ ಹುಟ್ಟುವಳಿಯ ಪ್ರದೇಶವನ್ನು ಬದಲಿಗೆ ಕೊಡುತ್ತೇವೆಂದು ಹೇಳಿ ಕಳುಹಿಸಿದರೂ ಬೇರಾರದವರು ಒಪ್ಪದಿರಲು, 1518ರಲ್ಲಿ ದಂಡೆತ್ತಿ ಹೋಗಿ ಅದನ್ನು ಗೆದ್ದು ಆ ಬಂಧುಗಳಿಗೆ ಇನಾಮಾಗಿ ಕೊಡಲಾಯಿತು. ಅಜ್ಜನ ಊರನ್ನು ನೋಡಿ ಬರಲು ಜನರು ವಿಮಾನದ ಚೀಟಿ ಕೊಳ್ಳುವ ಈ ಕಾಲದಲ್ಲಿ, ಅಜ್ಜನ ಊರಿಗಾಗಿ ಯುದ್ಧ ಹೂಡಿದವನ ಕತೆ ಅತಿಶಯವೆನಿಸಬಹುದು. ಅದಕ್ಕೂ ಅತಿಶಯವೆಂದರೆ, ಎದುರುಪಕ್ಷದ ಅಲಾವುದ್ದೀನ್ ಇಮಾದಶಾಹನ ತಂದೆ ಫತಹುಲ್ಲಾನೂ ಹೀಗೆಯೇ ವಿಜಯನಗರದ ಯುದ್ಧದಲ್ಲಿ ಸೆರೆಸಿಕ್ಕಿದ ಕನ್ನಡದ ಹಿಂದೂ ಬಾಲಕನಾಗಿದ್ದನು. ಅವನ ಹುಟ್ಟೂರನ್ನು ಕೇಳಿಕೊಂಡು ತುಂಗಭದ್ರೆಯ ಕಡೆಗೆ ಅವನ ವಂಶದವರಾರೂ ದಂಡೆತ್ತಿದಂತೆ ಕಾಣದು. ಮೂಲವು ಎಲ್ಲರಿಗೂ ಇರುತ್ತದೆ. ಅದನ್ನು ಹುಡುಕಿಸುವ ಬಂಧುಗಳು ಎಲ್ಲರಿಗೂ ಇರುವುದಿಲ್ಲ.

ಮೇಲಿನ ಎಲ್ಲ ಕತೆಗಳಲ್ಲಿಯೂ, ತ್ರ್ಯಂಬಕದ ವಹಿಯಲ್ಲಿದ್ದಂತೆಯೇ, ಹುಡುಕಿದ ಎಳೆಯು ತಂದೆಯದು. ಋಷಿಮೂಲ ನದೀಮೂಲಗಳೊಡನೆ ಸ್ತ್ರೀಮೂಲವನ್ನೂ ಸೇರಿಸಿ ಹೇಳುವ ಪಾಠವೊಂದಿದೆ. ಮೊದಲೆರಡರ ನಿಷೇಧವನ್ನು ಮುರಿದ ಜನರು ಮೂರನೆಯದನ್ನು ಮಾತ್ರ ಬಹು ಶ್ರದ್ಧೆಯಿಂದ ಪಾಲಿಸಿದ್ದಾರೆ. ಬೀದರಿನಿಂದ ಮಾಹಾನಿಗೋ ಗೀಲಾನಿಗೋ ಹೋಗಬಯಸುವವನು ತನ್ನ ಅಸಂಖ್ಯ ಪೂರ್ವಿಕರಲ್ಲಿ ಒಬ್ಬನನ್ನು ಹುಡುಕಿಕೊಂಡು ಹೋಗುತ್ತಾನೆ. ಉಳಿದವರಲ್ಲಿ ಎಷ್ಟೋ ಮಂದಿ ಭಾಲ್ಕಿಯ ಕಡೆಯವರೋ ಔರಾದದ ಕಡೆಯವರೋ ಆಗಿದ್ದು, ಬಸ್ಸಿಗೆ ಕೊಡುವ ಹಣದಲ್ಲಿಯೇ ಅವರ ಊರುಗಳನ್ನು ನೋಡಿಬರಬಹುದಾಗಿತ್ತು. ಕಡಲಿನಾಚೆಯ ಒಬ್ಬನ ಹೆಸರು ಮನೆಯಲ್ಲಿ ನೆನಪುಳಿದು, ಊರಿನವಳೇ ಆದ ಅವನ ಸೊಸೆಯ ಹೆಸರು ಎರಡು ತಲೆಮಾರಿನಲ್ಲಿ ಮರೆತುಹೋಗುವುದು ಸ್ಮರಣಶಕ್ತಿಯ ದೋಷವಲ್ಲ. ಯಾವುದರಿಂದ ಮಾನ ಬರುವುದೋ ಅದನ್ನು ನೆನೆಯುವುದು ಮನೆತನಗಳ ಸ್ವಭಾವ.

ಈ ವಿಷಯದಲ್ಲಿ ಬಹುಕಾಲದ ಹಿಂದೆಯೇ ಸ್ವಚ್ಛವಾಗಿ ಯೋಚಿಸಿದವನು ಇದೇ ಜಿಲ್ಲೆಯ ನೆಲದಲ್ಲಿ ಕುಳಿತು ಬರೆದನು. ಇಂದಿನ ಬಸವಕಲ್ಯಾಣವು ಚಾಲುಕ್ಯರ ರಾಜಧಾನಿಯಾಗಿದ್ದಾಗ, 1076ರಿಂದ 1126ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ರಚಿಸಿದನು. ಬಂಗಾಳದಂಥ ಪ್ರಾಂತಗಳನ್ನು ಬಿಟ್ಟರೆ ಹಿಂದೂಗಳ ದಾಯವಿಭಾಗವು ಶತಮಾನಗಳ ಕಾಲ ಅದರಂತೆಯೇ ನಡೆಯಿತು. ಯಾರು ಯಾರಿಗೆ ಸಪಿಂಡರೆಂಬ ಪ್ರಶ್ನೆ ಬಂದಾಗ, ಪಿಂಡವೆಂದರೆ ಶ್ರಾದ್ಧದ ಅನ್ನವಲ್ಲ, ಶರೀರವೆಂದು ಅವನು ಅರ್ಥಮಾಡಿದನು. ತಂದೆಯ ಶರೀರದ ಅಂಶಗಳು ಮಗನಲ್ಲಿರುವಂತೆ ತಾಯಿಯ ಅಂಶಗಳೂ ಇರುವುದರಿಂದ, ತಂದೆಯ ತಂದೆಯೊಡನೆ ಇರುವ ಸಂಬಂಧವೇ ತಾಯಿಯ ತಂದೆಯೊಡನೆಯೂ ತಾಯಿಯ ಒಡಹುಟ್ಟಿದವರೊಡನೆಯೂ ಇದೆಯೆಂದು ತೋರಿಸಿದನು. ಹಾಗೆ ಎಣಿಸುತ್ತ ಹೋದರೆ, ಆದಿಯಿಲ್ಲದ ಈ ಸಂಸಾರದಲ್ಲಿ ಎಲ್ಲರೂ ಎಲ್ಲರಿಗೂ ಒಂದಲ್ಲ ಒಂದು ಬಗೆಯಲ್ಲಿ ಸಪಿಂಡರಾಗಿಬಿಡುತ್ತಾರಲ್ಲ ಎಂಬ ಆಕ್ಷೇಪವನ್ನು ತಾನೇ ಎತ್ತಿಕೊಂಡು, ಅದನ್ನು ಅಲ್ಲಗಳೆಯಲಿಲ್ಲ. ವ್ಯವಹಾರವು ಸಾಗಬೇಕಾದುದರಿಂದ ಸ್ಮೃತಿಯು ಎಲ್ಲೆಯನ್ನು ಹಾಕಿದೆಯೆಂದು ಹೇಳಿ, ತಂದೆಯ ಕಡೆ ಏಳು ತಲೆಮಾರು, ತಾಯಿಯ ಕಡೆ ಐದು ತಲೆಮಾರುಗಳಿಗೆ ಗೆರೆಯೆಳೆದನು. ಚೌಖಂಡಿಯ ಮುಹಿಬ್ಬುಲ್ಲಾನ ಮಕ್ಕಳಿಗೆ ಈ ಶಾಸ್ತ್ರವು ಅನ್ವಯಿಸತಕ್ಕದ್ದಲ್ಲ. ಆದರೂ ಲೆಕ್ಕಕ್ಕಾಗಿ ಎಣಿಸಿದರೆ, ಅವರು ತಂದೆಯ ಕಡೆಯಿಂದ ಅಜ್ಜ ಖಲೀಲುಲ್ಲಾನನ್ನೂ ಮುತ್ತಜ್ಜ ನಿಮತುಲ್ಲಾನನ್ನೂ ದಾಟಿ ಹಲಬ ನಗರಕ್ಕೆ ಹೋಗಿ ಮುಟ್ಟುತ್ತಾರೆ. ತಾಯಿಯ ಕಡೆಯಿಂದ ಅಜ್ಜ ಅಲಾವುದ್ದೀನನೂ ಮುತ್ತಜ್ಜ ಅಹಮದ್ ಶಾಹನೂ ಬರುತ್ತಾರೆ, ಅವರಿಬ್ಬರ ಗೋರಿಗಳೂ ಚೌಖಂಡಿಯಿಂದ ಕಾಲುನಡೆಯ ದೂರದಲ್ಲಿವೆ.